ಎರವಿನ ಕಾರ್ಡು

ಮನುಸ್ಮೃತಿಯಲ್ಲಿ ವ್ಯವಹಾರಪದಗಳನ್ನು, ಎಂದರೆ ರಾಜನ ಸಭೆಗೆ ಬರತಕ್ಕ ವ್ಯಾಜ್ಯಗಳ ವರ್ಗಗಳನ್ನು, ಹದಿನೆಂಟೆಂದು ಎಣಿಸಿರುವುದು. ಆ ಹದಿನೆಂಟರಲ್ಲಿ ಮೊದಲನೆಯದು ಕೊಲೆಯೂ ಅಲ್ಲ, ಕಳವೂ ಅಲ್ಲ, ಋಣಾದಾನ. ಕೊಟ್ಟ ಸಾಲವನ್ನು ಹಿಂದಕ್ಕೆ ಪಡೆಯುವ ವಿಚಾರ ಅದು. ಎರಡನೆಯದು ನಿಕ್ಷೇಪ, ಅಂದರೆ ನಂಬಿ ಒಪ್ಪಿಸಿದ ವಸ್ತುವಿನ ವಿಚಾರ. ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ನಮಗೆ ಈ ಕ್ರಮ ವಿಚಿತ್ರವಾಗಿ ತೋರುತ್ತಿತ್ತು. ಪ್ರಾಣಕ್ಕಿಂತ ಹಣ ಮುಂದಾಯಿತೆ ಎಂದು ಗುರುಗಳನ್ನು ಕೇಳಿಯೂ ಇದ್ದೆವು. ಅವರು ನಕ್ಕು, “ಸಂಸಾರಕ್ಕೆ ಬಿದ್ದ ಮೇಲೆ ತಿಳಿಯುತ್ತದೆ” ಎಂದು ಮುಂದಿನ ಶ್ಲೋಕಕ್ಕೆ ಹೋದರು. ಈಗ ತಿಳಿದಿದೆ. ಕೊಲೆಯೆಂಬುದು ಊರಿಗೊಂದಾದರೆ ಹೆಚ್ಚು. ಬಾರದ ಸಾಲವಿಲ್ಲದ ಮನೆಯನ್ನು ನಾವು ಕಂಡಿಲ್ಲ.

ಕಳೆದ ವರ್ಷ ಈ ಪ್ರಕರಣವನ್ನು ಮತ್ತೆ ತೆಗೆದು ಓದುವ ಸಂದರ್ಭ ನಮಗೆ ಒದಗಿತು. ನಮ್ಮೊಡನೆ ಹನ್ನೆರಡು ವರ್ಷ ಒಂದೇ ಪ್ರೌಢಶಾಲೆಯಲ್ಲಿ ಕೆಲಸ ಮಾಡಿದ, ಇನ್ನೂ ಸೇವೆಯಲ್ಲಿರುವ ಚಿತ್ರಕಲೆಯ ಉಪಾಧ್ಯಾಯರೊಬ್ಬರಿದ್ದಾರೆ. ಹೆಸರು ಬೇಡ, ಊರೆಲ್ಲ ಅವರನ್ನು ಡ್ರಾಯಿಂಗ್ ಮೇಷ್ಟರೆಂದೇ ಕರೆಯುವುದು. ಅವರಿಗೊಬ್ಬ ಬಾಲ್ಯಸ್ನೇಹಿತ. ಬಸ್ ನಿಲ್ದಾಣದ ಬಳಿ ಸಣ್ಣ ಅಂಗಡಿ ಇಟ್ಟುಕೊಂಡಿರುವವನು. ಮೇಷ್ಟರ ತಂದೆ ತೀರಿಕೊಂಡಾಗ ಅಂಗಡಿ ಮುಚ್ಚಿ ಮೂರು ದಿನ ಅವರ ಮನೆಯ ಜಗುಲಿಯಲ್ಲಿ ಕುಳಿತವನು, ಸೌದೆಯಿಂದ ಹಿಡಿದು ಎಲ್ಲವನ್ನೂ ತಾನೇ ಓಡಾಡಿ ತಂದವನು. ಈ ಮಾತನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಮುಂದೆ ಬರುವುದೆಲ್ಲ ಅವನಿಗೆ ವಿರೋಧವಾಗಿ ಕಾಣುವುದರಿಂದ ಈ ಒಂದು ಸಾಕ್ಷ್ಯ ಅವನ ಪಕ್ಷದಲ್ಲಿರಲಿ.

2024ರ ಗೌರಿಹಬ್ಬದ ಮುನ್ನಾದಿನಗಳಲ್ಲಿ ಅವನು ಬಂದು, ಅಂಗಡಿಗೆ ಒಂದು ಫ್ರಿಜ್ಜು ಬೇಕು, ಬೆಲೆ 22,000, ಕೈಯಲ್ಲಿ ಹಣವಿಲ್ಲ, ನಿನ್ನ ಕ್ರೆಡಿಟ್ ಕಾರ್ಡು ಕೊಟ್ಟರೆ ತಿಂಗಳು ತಿಂಗಳು ನಾನೇ ಕಟ್ಟುತ್ತೇನೆ ಎಂದ. ಮೇಷ್ಟರು ಕಾರ್ಡನ್ನೂ ಅದರ ಪಿನ್ ನಂಬರನ್ನೂ ಕೊಟ್ಟರು. ಫ್ರಿಜ್ಜು ಬಂತು; ಕಾರ್ಡು ಬರಲಿಲ್ಲ. “ಇರಲಿ, ಈ ತಿಂಗಳ ಕಂತು ಕಟ್ಟಿ ಕೊಡುತ್ತೇನೆ” ಎಂದ. ಮೊದಲ ತಿಂಗಳುಗಳಲ್ಲಿ ಬ್ಯಾಂಕಿಗೆ ಏನೋ ಒಂದಿಷ್ಟು ಕಟ್ಟಿದ್ದೂ ಉಂಟು. ಮೇಷ್ಟರ ಮೊಬೈಲಿಗೆ ಸಂದೇಶಗಳು ಬರುತ್ತಿದ್ದವು. ದಿನಕ್ಕೆ ಇಪ್ಪತ್ತು ಸಂದೇಶ ಬರುವ ಯಂತ್ರದಲ್ಲಿ ಯಾವುದು ಗಂಟೆಯ ಸದ್ದು, ಯಾವುದು ಗದ್ದಲ ಎಂದು ತಿಳಿಯುವುದು ಸುಲಭವಲ್ಲ. ಸಂಕ್ರಾಂತಿಯ ಮಾರನೆಯ ದಿನ ವಸೂಲಿಯವರು ಪಾಠಶಾಲೆಗೇ ದೂರವಾಣಿ ಮಾಡಿದರು. ಬಾಕಿ 1,38,000 ರೂಪಾಯಿ.

ಅಂದು ಸಂಜೆ ಮೇಷ್ಟರು ನಮ್ಮ ಮನೆಗೆ ಬಂದರು. ಹಿಂದೆಯೇ ಅವರ ಪತ್ನಿಯೂ ಬಂದರು. ಆಕೆ ಬಂದದ್ದು ಒಳ್ಳೆಯದಾಯಿತೆಂದು ಮುಂದೆ ತಿಳಿಯಿತು.

“ಪಂಡಿತರೇ, ಅವನು ಮೋಸಗಾರನಲ್ಲ. ಕೇಳಿದರೆ ಸ್ನೇಹ ಹೋಗುತ್ತದೆ” ಎಂದರು ಮೇಷ್ಟರು.

“ಕೇಳದಿದ್ದರೆ ಮನೆ ಹೋಗುತ್ತದೆ” ಎಂದರು ಆಕೆ.

ಇಬ್ಬರ ಮಾತೂ ಸತ್ಯವೇ. ಆದರೆ ಅಂದಿನ ಸಂಜೆಗೆ ಎರಡೂ ಅಪ್ರಕೃತ. ಮನೆಗೆ ಬೆಂಕಿ ಬಿದ್ದಾಗ ಹಚ್ಚಿದವರಾರು ಎಂಬ ವಿಚಾರಣೆ ಆಮೇಲಿನದು. ಬ್ಯಾಂಕಿಗೆ ಕರೆಮಾಡಿ ಕಾರ್ಡನ್ನು ಮೊದಲು ನಿಲ್ಲಿಸಿರಿ ಎಂದೆವು; ನಮ್ಮ ಪಡಸಾಲೆಯಲ್ಲಿಯೇ ಅದು ನಡೆಯಿತು. ದೂರು ಕೊಟ್ಟ ಗಳಿಗೆ, ದೂರಿನ ಸಂಖ್ಯೆ ಎರಡನ್ನೂ ಬರೆದಿಟ್ಟುಕೊಂಡೆವು. ಆ ಗಳಿಗೆಗೆ ಬೆಲೆಯಿದೆ. ರಿಸರ್ವ್ ಬ್ಯಾಂಕು 2017ರ ಜುಲೈ ತಿಂಗಳಲ್ಲಿ ಹೊರಡಿಸಿದ ನಿಯಮದಂತೆ, ಗ್ರಾಹಕನು ತಾನೇ ಗುಪ್ತಸಂಖ್ಯೆಯನ್ನು ಪರರಿಗೆ ತಿಳಿಸಿ ನಷ್ಟವಾದರೆ, ಬ್ಯಾಂಕಿಗೆ ವರದಿ ಮಾಡುವವರೆಗಿನ ನಷ್ಟವೆಲ್ಲ ಅವನದೇ. ವರದಿ ಮಾಡಿದ ಮೇಲಿನದು ಬ್ಯಾಂಕಿನದು. ಮಾರನೆಯ ದಿನ ಬ್ಯಾಂಕಿನ ಅಧಿಕಾರಿಗಳೂ ಅದನ್ನೇ ಹೇಳಿದರು. “ಸಾಲಗಾರರು ನೀವು. ನಿಮ್ಮ ಸ್ನೇಹಿತರು ಯಾರೆಂದು ನಮಗೆ ಗೊತ್ತಿಲ್ಲ.” ಮಾತು ಒರಟೆನಿಸಿದರೂ ಅದರಲ್ಲಿ ತಪ್ಪಿಲ್ಲ. ಕಾರ್ಡನ್ನು ಎರವು ಕೊಡುವವನು ಹಣವನ್ನು ಕೊಡುತ್ತಿರುವೆನೆಂದು ತಿಳಿಯುತ್ತಾನೆ. ಅವನು ಕೊಡುವುದು ತನ್ನ ಹೆಸರನ್ನು. ಹಣಕ್ಕಾದರೆ ಒಂದು ಮೊತ್ತವುಂಟು, ಹೆಸರಿಗೆ ಮೊತ್ತವೆಲ್ಲಿ?

ಆ ವಾರವೆಲ್ಲ ನಾವು ಲೆಕ್ಕದಲ್ಲಿ ಮುಳುಗಿದೆವು. ಬ್ಯಾಂಕಿನ ತಿಂಗಳ ಪಟ್ಟಿಗಳನ್ನು ಅಚ್ಚು ಹಾಕಿಸಿ ತಂದು, ಒಪ್ಪಿಗೆಯಿಂದಾದ ಖರ್ಚಿಗೆ ನೀಲಿ ಪೆನ್ಸಿಲು, ಒಪ್ಪಿಗೆಯಿಲ್ಲದ್ದಕ್ಕೆ ಕೆಂಪು ಪೆನ್ಸಿಲು ಎಂದು ಗೊತ್ತುಮಾಡಿಕೊಂಡು ಸಾಲು ಸಾಲಾಗಿ ಗುರುತು ಹಾಕಿದೆವು. ನೀಲಿ ಒಂದೇ ಸಾಲು: ಫ್ರಿಜ್ಜು, 22,000. ಕೆಂಪಿನಲ್ಲಿ ಎ.ಟಿ.ಎಂ. ಯಂತ್ರದಿಂದ ತೆಗೆದ ನಗದು 40,000. ಹಳೆಯದೊಂದು ಸ್ಕೂಟರು 30,000. ಅಂಗಡಿಯ ಸರಕು, ಬಟ್ಟೆಬರೆ ಕೂಡಿ 36,000. ಅವನು ಕಟ್ಟಿದ್ದನ್ನು ಕಳೆದ ಮೇಲೆ ಬಡ್ಡಿ, ತೆರಿಗೆ, ತಡವಾದ ದಂಡಗಳ ಲೆಕ್ಕದಲ್ಲಿ ಉಳಿದದ್ದು 10,000. ಕಾರ್ಡಿನಿಂದ ನಗದು ತೆಗೆದರೆ ತೆಗೆದ ದಿನದಿಂದಲೇ ಬಡ್ಡಿ ಓಡತೊಡಗುವುದೆಂದೂ, ಬಾಕಿ ಪೂರ್ತಿ ತೀರದಿದ್ದಾಗ ಹೊಸ ಖರೀದಿಗೂ ಬಡ್ಡಿಯಿಲ್ಲದ ಅವಧಿ ಸಿಗದೆಂದೂ ಮೇಷ್ಟರಿಗೆ ಅಂದೇ ತಿಳಿದದ್ದು.

ಪಟ್ಟಿಯ ಕೆಳಗೆ “ಕನಿಷ್ಠ ಪಾವತಿ 6,900” ಎಂದು ದಪ್ಪಕ್ಷರದಲ್ಲಿತ್ತು. ಮೇಷ್ಟರಿಗೆ ಸಮಾಧಾನವಾಯಿತು. “ಇಷ್ಟನ್ನು ಹೇಗೋ ನಾನೇ ಕಟ್ಟಿಕೊಂಡು ಹೋಗುತ್ತೇನೆ ಪಂಡಿತರೇ, ಅವನಿಗೆ ಅನುಕೂಲವಾದಾಗ ಕೊಡಲಿ.” ಈ ಕನಿಷ್ಠ ಪಾವತಿಯೆಂಬುದನ್ನು ವಾಚಕರು ಸ್ವಲ್ಪ ತಾಳ್ಮೆಯಿಂದ ನೋಡಬೇಕು. ಬಡ್ಡಿಯ ದರ ತಿಂಗಳಿಗೆ ನೂರಕ್ಕೆ ಮೂರೂವರೆ. 1,38,000ಕ್ಕೆ ಒಂದು ತಿಂಗಳ ಬಡ್ಡಿ 4,830. ಆ ಬಡ್ಡಿಯ ಮೇಲೆ ಜಿ.ಎಸ್.ಟಿ. ನೂರಕ್ಕೆ 18, ಅಂದರೆ 869. ಎರಡೂ ಸೇರಿ ಸುಮಾರು 5,700. ಕಟ್ಟಿದ 6,900ರಲ್ಲಿ ಅಸಲಿಗೆ ಇಳಿಯುವುದು ಬರಿಯ 1,200. ತೂತುಬಿದ್ದ ಕೊಡದಿಂದ ತೊಟ್ಟಿ ತುಂಬಿಸಿದಂತೆ! ಮನು ಯಾಜ್ಞವಲ್ಕ್ಯರು ಒತ್ತೆಯಿಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲೊಂದು ಭಾಗ, ಎಂದರೆ ನೂರಕ್ಕೆ ಒಂದೂಕಾಲು ಎಂದು ದರ ಹೇಳಿದರು. ಒತ್ತೆಯಿಲ್ಲದ ಸಾಲಕ್ಕೆ ಅವರು ಹೇಳಿದ ದರ ವರ್ಣಾನುಸಾರವಾಗಿ ನೂರಕ್ಕೆ ಎರಡರಿಂದ ಐದರವರೆಗೆ ಹೋಗುವುದು; ಅದನ್ನು ಮರೆಮಾಚಿ ಹಿಂದಿನವರು ಬಲು ದಯಾಳುಗಳೆಂದು ಹೇಳಲು ನಮಗೆ ಇಷ್ಟವಿಲ್ಲ. ಆದರೆ ಅವರ ಇನ್ನೊಂದು ನಿಯಮವುಂಟು: ಒಟ್ಟಿಗೆ ತೀರಿಸುವಾಗ ಬಡ್ಡಿ ಅಸಲನ್ನು ಮೀರಬಾರದು. ದಾಮದುಪ್ಪಟ್ಟು ಎಂಬ ಹೆಸರಿನಿಂದ ಅದು ಬ್ರಿಟಿಷರ ಕಾಲದ ಮುಂಬಯಿ ನ್ಯಾಯಾಲಯಗಳಲ್ಲಿಯೂ ನಡೆಯಿತು. ಕಾರ್ಡಿಗೆ ಅಂತಹ ಕಟ್ಟುಪಾಡಿಲ್ಲ. ವರ್ಷಕ್ಕೆ ನೂರಕ್ಕೆ 30ನ್ನು ಮೀರಿದ ಬಡ್ಡಿ ಅನುಚಿತವಾದ ವ್ಯಾಪಾರಪದ್ಧತಿಯೆಂದು 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ತೀರ್ಪು ಕೊಟ್ಟಿತ್ತು. 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಮಾಡಿತು. ನಾವು ಈ ಲೆಕ್ಕ ಹಾಕಿದ್ದು ಅದರ ಮುಂದಿನ ತಿಂಗಳಿನಲ್ಲಿಯೇ.

ಆದುದರಿಂದ ಮಿತ್ರನಿಂದ ಹಣ ಬರುವವರೆಗೆ ಬ್ಯಾಂಕಿನ ಸಾಲವನ್ನು ಇಟ್ಟುಕೊಂಡಿರಬಾರದು ಎಂದು ನಿಶ್ಚಯವಾಯಿತು. ಮೇಷ್ಟರು ಉಪಾಧ್ಯಾಯರ ಪತ್ತಿನ ಸಹಕಾರ ಸಂಘದಲ್ಲಿ ವರ್ಷಕ್ಕೆ ನೂರಕ್ಕೆ 12ರ ದರದಲ್ಲಿ ಸಾಲ ಪಡೆದು ಕಾರ್ಡಿನ ಬಾಕಿಯನ್ನು ಪೂರ್ತಿಯಾಗಿ ತೀರಿಸಿದರು. ತಿಂಗಳ ಬಡ್ಡಿ 5,700ರಿಂದ 1,380ಕ್ಕೆ ಇಳಿಯಿತು. ಸಾಲ ಹೋಗಲಿಲ್ಲ, ಅದರ ಹಲ್ಲು ಕಿತ್ತಂತಾಯಿತು. ಇನ್ನು ಉಳಿದದ್ದು ಇಬ್ಬರು ಮನುಷ್ಯರ ನಡುವಿನ ವ್ಯವಹಾರ.

ಇಲ್ಲಿ ನಮಗೆ ಯಾಜ್ಞವಲ್ಕ್ಯರ ನೆನಪಾಯಿತು. ಅವರ ಸ್ಮೃತಿಯ ಮೇಲೆ ಮಿತಾಕ್ಷರವೆಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ನಾಡಿನವನೇ. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ನಿಕ್ಷೇಪದ ಪ್ರಕರಣದಲ್ಲಿ ‘ಯಾಚಿತ’ ಎಂಬ ಮಾತು ಬರುವುದು. ಮದುವೆ ಮುಂತಾದ ಶುಭಕಾರ್ಯಗಳಿಗೆಂದು ಕೇಳಿ ತಂದ ವಸ್ತ್ರಾಭರಣಗಳು ಯಾಚಿತವೆಂದು ವಿಜ್ಞಾನೇಶ್ವರನು ಬಿಡಿಸಿ ಹೇಳುತ್ತಾನೆ. ಒಪ್ಪಿಸಿದ ವಸ್ತುವನ್ನು ತನ್ನ ಇಚ್ಛೆ ಬಂದಂತೆ ಬಳಸಿ ಬದುಕಿದವನು ದಂಡಾರ್ಹ, ವಸ್ತುವನ್ನು ವೃದ್ಧಿಸಹಿತವಾಗಿ ಹಿಂದಿರುಗಿಸತಕ್ಕವನು. ಆ ವಿಧಿ ಯಾಚಿತಕ್ಕೂ ಅನ್ವಯಿಸುವುದು. ಎರವು ತಂದ ಸರವನ್ನು ಮದುವೆಯಲ್ಲಿ ಹಾಕಿಕೊಂಡರೆ ಸರಿ. ಮದುವೆ ಮುಗಿದ ಮೇಲೆ ಅಡವಿಟ್ಟರೆ? ಫ್ರಿಜ್ಜಿಗೂ ಸ್ಕೂಟರಿಗೂ ಇರುವ ಅಂತರ ಅದೇ. ಮೇಷ್ಟರು ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಅದುವರೆಗೆ ಅವರು ಸ್ನೇಹಿತನಿಗೆ ಸಾಲ ಕೊಟ್ಟಿರುವೆನೆಂದೇ ತಿಳಿದಿದ್ದರು.

ವೃದ್ಧಿಯ ವಿಷಯದಲ್ಲಿ ಗಂಡಹೆಂಡಿರಿಗೆ ಒಮ್ಮತವಾಗಲಿಲ್ಲ. “ಸ್ನೇಹಿತನಿಂದ ಬಡ್ಡಿ ತೆಗೆದುಕೊಳ್ಳುವುದೆ?” ಎಂದು ಮೇಷ್ಟರು. ಆಕೆ ಕೋಪವಿಲ್ಲದೆ, “ನಾವು ಬಡ್ಡಿ ಕೇಳುತ್ತಿಲ್ಲ. ಸಂಘದವರು ನಿಮ್ಮ ಸಂಬಳದಲ್ಲಿ ಹಿಡಿಯುವ ಬಡ್ಡಿ ಯಾರದು ಎಂದು ಕೇಳುತ್ತಿದ್ದೇವೆ” ಎಂದರು. ಮೀಮಾಂಸಕರು ಪುಟಗಟ್ಟಲೆ ಬರೆಯುವುದನ್ನು ಆಕೆ ಒಂದು ವಾಕ್ಯದಲ್ಲಿ ಹೇಳಿದರು. ಲಾಭದ ಬಡ್ಡಿ ಬೇರೆ, ನಷ್ಟಕ್ಕೆ ಹಾಕುವ ತೇಪೆ ಬೇರೆ.

ಅಂಗಡಿಗೆ ಹೋಗಿ ಗಿರಾಕಿಗಳ ಮುಂದೆ ಕೇಳುವುದು ನಮಗೆ ಸಮ್ಮತವಿರಲಿಲ್ಲ. ಮಾನ ಹೋದವನಿಗೆ ಕೊಡುವ ಅವಸರ ಉಳಿಯುವುದಿಲ್ಲ. ಅವನ ಸೋದರಮಾವ ಊರಿನಲ್ಲಿ ಮರ್ಯಾದಸ್ಥರು. ಅವರಿಗೆ ಮೊದಲು ಪಟ್ಟಿ ತೋರಿಸಿ, ಅವರನ್ನು ಕರೆದುಕೊಂಡು ಒಂದು ಭಾನುವಾರ ಸಂಜೆ ಅವನ ಮನೆಗೆ ಹೋದೆವು. ಬಾಗಿಲಲ್ಲೇ ಸ್ಕೂಟರು ನಿಂತಿತ್ತು. ಮಗನು ಅದನ್ನು ಒರೆಸುತ್ತಿದ್ದನು.

“ಕೊಡುತ್ತೇನೆ ಬಿಡು, ಎಲ್ಲಿಗೆ ಓಡಿಹೋಗುತ್ತೇನೆ?” ಎಂದು ಸ್ನೇಹಿತನು ಮೇಷ್ಟರಿಗೆ ನಗುತ್ತಲೇ ಹೇಳಿದನು. ನಾವು ಪಟ್ಟಿಯನ್ನು ಮುಂದಿಟ್ಟಾಗ ನಗು ಹೋಯಿತು. “ಏನೋ, ನನ್ನ ಮೇಲೆ ಪಂಚಾಯಿತಿ ಸೇರಿಸಿಕೊಂಡು ಬಂದೆಯಾ? ನಿಮ್ಮಪ್ಪ ಸತ್ತಾಗ ನಾನು ಲೆಕ್ಕ ಬರೆದಿಟ್ಟಿದ್ದೆನೆ?” ಎಂದನು. ಮೇಷ್ಟರ ಮುಖ ಬಾಡಿತು. ಈ ಬಾಣ ಎಲ್ಲಿ ನಾಟುವುದೆಂದು ಬಿಟ್ಟವನಿಗೆ ಗೊತ್ತಿತ್ತು. ಸೋದರಮಾವನವರೇ ಉತ್ತರ ಕೊಟ್ಟರು: “ಅಂದು ನೀನು ಮಾಡಿದ್ದು ದೊಡ್ಡದು ಕಣಪ್ಪಾ. ಅದಕ್ಕೆ ಬೆಲೆ ಕಟ್ಟಬೇಡ. ಒಂದು ಸ್ಕೂಟರಿಗೆ ಇಳಿದುಬಿಡುತ್ತದೆ.” ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಒಳಗಿನಿಂದ ಕಾಫಿ ಬಂತು. ಮೇಷ್ಟರ ಪತ್ನಿ ಲೋಟ ಕೈಗೆ ತೆಗೆದುಕೊಂಡು, “ಅಣ್ಣಾ, ನಗದು ನಲವತ್ತು ಸಾವಿರ ಯಾವುದಕ್ಕೆ?” ಎಂದು ಕೇಳಿದರು. ಸಗಟು ವ್ಯಾಪಾರಿಯ ಬಾಕಿ, ಚೀಟಿಯ ಕಂತು ಎಂದು ಅವನು ಮೆಲ್ಲಗೆ ಹೇಳತೊಡಗಿದನು. ಕೆಲವು ಖರ್ಚು ನಿಜವಾದ ಕಷ್ಟಕ್ಕೆ, ಕೆಲವು ಡಂಭಕ್ಕೆ. ಎರಡಕ್ಕೂ ನಡುವೆ ಗೆರೆಯೆಳೆಯಲು ಅವನಿಗೇ ಆಗಲಿಲ್ಲ.

ಸ್ಮೃತಿಕಾರರು ವ್ಯವಹಾರದಲ್ಲಿ ಮಾನುಷಪ್ರಮಾಣಗಳು ಮೂರೆಂದರು: ಲಿಖಿತ, ಭುಕ್ತಿ, ಸಾಕ್ಷಿ. ಈ ಕಾಲದ ಕಾನೂನೂ ಬರಹಕ್ಕೆ ಕೊಡುವ ಬೆಲೆ ಕಡಿಮೆಯಲ್ಲ. ಕೈಸಾಲದ ದಾವೆಗೆ 1963ರ ಕಾಲಪರಿಮಿತಿ ಕಾಯಿದೆಯಂತೆ ಸಾಮಾನ್ಯವಾಗಿ ಮೂರು ವರ್ಷ ಅವಧಿ. ಆ ಅವಧಿಯೊಳಗೆ ಸಾಲಗಾರನು ಬಾಕಿಯನ್ನು ಒಪ್ಪಿ ಬರೆದು ಸಹಿಮಾಡಿದರೆ ಸಹಿಯ ದಿನದಿಂದ ಅವಧಿ ಹೊಸದಾಗಿ ಮೊದಲಾಗುವುದು. ಆದುದರಿಂದ ಅಂದೇ ಒಂದು ಕಾಗದ ಬರೆದೆವು. ಕಾರ್ಡು ಯಾವಾಗ, ಏತಕ್ಕೆಂದು ಪಡೆದದ್ದು, ಯಾವ ಖರ್ಚು ಯಾವ ದಿನ, ಒಟ್ಟು ಬಾಕಿ, ಸಂಘದ ಬಡ್ಡಿಯೂ ಸೇರಿ ತಿಂಗಳಿಗೆ 6,000ದಂತೆ 26 ಕಂತು, 27ನೆಯದು ಉಳಿದಷ್ಟು. ರೆವಿನ್ಯೂ ಸ್ಟಾಂಪಿನ ಮೇಲೆ ಅವನ ಸಹಿ, ಕೆಳಗೆ ಸೋದರಮಾವನವರದೂ ನಮ್ಮದೂ ಸಾಕ್ಷಿ. ಹಣ ಕೈಯಿಂದ ಕೈಗೆ ಬೇಡ, ಬ್ಯಾಂಕಿನ ಖಾತೆಗೇ ಬರಲಿ ಎಂದೂ ಬರೆದೆವು. ಚೆಕ್ಕುಗಳನ್ನು ಪಡೆಯಬಹುದಾಗಿತ್ತು, ಅವನ ಬಳಿ ಚೆಕ್ಕುಪುಸ್ತಕವಿರಲಿಲ್ಲ. ಪಡೆಯುವ ವಾಚಕರಿಗೆ ಒಂದು ಮಾತು: ಚೆಕ್ಕು ಹಣವಿಲ್ಲದೆ ಹಿಂದಿರುಗಿದರೆ ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟೀಸು ಕೊಡಬೇಕು, ಅದು ತಲುಪಿ 15 ದಿನದೊಳಗೆ ಹಣ ಬರದಿದ್ದರೆ ಮುಂದಿನ ಒಂದು ತಿಂಗಳೊಳಗೆ ಫಿರ್ಯಾದು ಹೂಡಬೇಕು. ದಿನ ತಪ್ಪಿದರೆ ಅಸ್ತ್ರ ಮೊಂಡು.

ಸಹಿ ಮಾಡುವಾಗ ಸ್ನೇಹಿತನ ಕೈ ನಡುಗಿತು. ಮೇಷ್ಟರು ಅತ್ತ ನೋಡಲಾರದೆ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು.

ಮಾರ್ಚಿ, ಏಪ್ರಿಲು, ಮೇ ತಿಂಗಳ ಕಂತುಗಳು ತಪ್ಪದೆ ಬಂದವು. ಜೂನಿನಲ್ಲಿ ಬರಲಿಲ್ಲ, ಮಗನ ಕಾಲೇಜು ಎಂದ. ಜುಲೈಯಲ್ಲಿ ಕರೆಗೇ ಉತ್ತರವಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಊರಿನ ಬಾಯಲ್ಲಿ ಸುಮ್ಮನೆ ಉಳಿದಿಲ್ಲ. ಪೊಲೀಸರಿಗೆ ದೂರು ಕೊಡಿರೆಂದು ಹಲವರು ಮೇಷ್ಟರನ್ನು ಹುರಿದುಂಬಿಸಿದರು. ನಂಬಿಕೆದ್ರೋಹವು ಭಾರತೀಯ ನ್ಯಾಯಸಂಹಿತೆಯ 316ನೆಯ ಕಲಮಿನಲ್ಲಿ ಅಪರಾಧವೆಂಬುದು ನಿಜ. ಆದರೆ ಠಾಣೆಯಲ್ಲಿ ಕೂತವನ ಅಂಗಡಿ ನಡೆಯದು, ಅಂಗಡಿ ನಡೆಯದೆ ಕಂತು ಬಾರದು. ಇದು ನಮ್ಮ ಅಭಿಪ್ರಾಯ. ಒಪ್ಪದವರು ಉಂಟು, ಅವರಲ್ಲಿ ನಮ್ಮ ಮನೆಯವರೂ ಒಬ್ಬರು.

ಆಗಸ್ಟಿನಲ್ಲಿ ವಕೀಲರ ನೋಟೀಸು ಹೋಯಿತು. ಜೊತೆಯಲ್ಲಿಯೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಟ್ಟೆವು. ದಾವೆ ಹೂಡುವುದಕ್ಕೆ ಮುಂಚೆಯೇ ವ್ಯಾಜ್ಯವನ್ನು ಲೋಕ ಅದಾಲತ್ತಿಗೆ ಒಯ್ಯಬಹುದೆಂಬುದು ಬಹುಮಂದಿ ಗೃಹಸ್ಥರಿಗೆ ತಿಳಿಯದು. ನ್ಯಾಯಾಲಯದ ಶುಲ್ಕವಿಲ್ಲ. ಇಬ್ಬರೂ ಒಪ್ಪಿದರೆ ಮಾತ್ರ ತೀರ್ಮಾನ. ಒಪ್ಪಿ ಸಹಿಯಾದ ಮೇಲೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಅದು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮಾನ, ಅಪೀಲಿಲ್ಲ. ಕಂತು ತಪ್ಪಿದರೆ ಹೊಸದಾಗಿ ದಾವೆ ಹೂಡಬೇಕಾಗಿಲ್ಲ. ಡಿಕ್ರಿಯನ್ನು ಜಾರಿಮಾಡಿಸಿದರೆ ಸಾಕು.

ಸೆಪ್ಟೆಂಬರಿನಲ್ಲಿ ಕರೆ ಬಂತು. ಅವನು ಬಾರನೆಂದೇ ಮೇಷ್ಟರು ಎಣಿಸಿದ್ದರು. ಅವನು ಎಲ್ಲರಿಗಿಂತ ಮೊದಲೇ ಬಂದು ಬೇವಿನ ಮರದ ಕೆಳಗೆ ನಿಂತಿದ್ದನು, ನಡೆದುಕೊಂಡು ಬಂದಿದ್ದನು. ಸ್ಕೂಟರನ್ನು ಹಿಂದಿನ ದಿನ 24,000ಕ್ಕೆ ಮಾರಿ ಹಣವನ್ನು ಮೇಷ್ಟರ ಖಾತೆಗೆ ಹಾಕಿದ್ದನಂತೆ. ಅಂದಿನ ಬಾಕಿ, ನಿಂತುಹೋದ ತಿಂಗಳುಗಳ ಬಡ್ಡಿಯೂ ಕೂಡಿ, 1,29,000. ನ್ಯಾಯಾಧೀಶರು ಇಬ್ಬರನ್ನೂ ಕೇಳಿದರು. ಆಗ ಮೇಷ್ಟರ ಪತ್ನಿ ಎದ್ದು ನಿಂತು ನಿಂತ ತಿಂಗಳುಗಳ ಬಡ್ಡಿ ಬೇಡ, ಮುಂದಿನ ಬಡ್ಡಿಯೂ ಬೇಡ, ಒಂದು ಲಕ್ಷವನ್ನು 20 ಕಂತಿನಲ್ಲಿ ಕೊಡಲಿ ಎಂದರು. ನಾವು ಬೆರಗಾಗಿ ನೋಡಿದೆವು. ಸಂಘಕ್ಕೆ ತಾವೇ ಕಟ್ಟಬೇಕಾದ ಆ ಮುಂದಿನ ಬಡ್ಡಿ ಸುಮಾರು 10,500 ಆಗುವುದೆಂದು ಆಕೆ ಮನೆಯಲ್ಲಿಯೇ ಲೆಕ್ಕ ಹಾಕಿ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ದಾಕ್ಷಿಣ್ಯಕ್ಕೆ ಸಿಕ್ಕಿ ಕಳೆದುಕೊಳ್ಳುವುದಕ್ಕೂ ಎಣಿಸಿ ಬಿಟ್ಟುಕೊಡುವುದಕ್ಕೂ ಇರುವ ಭೇದವನ್ನು ನಾವು ಇಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಂಡಿಲ್ಲ. ಸ್ನೇಹಿತನು, “ತಾಯಿ” ಎಂದು ಮುಂದೆ ಏನನ್ನೋ ಹೇಳಹೋಗಿ, ನಿಲ್ಲಿಸಿ, ಸಹಿ ಮಾಡಿದನು. ಈ ಬಾರಿ ಕೈ ನಡುಗಲಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಐದು ಕಂತು ಬಂದಿವೆ. ನಾಲ್ಕನೆಯದು ಒಂಬತ್ತು ದಿನ ತಡವಾಯಿತು. ತಡವಾಗುವುದೆಂದು ಮೊದಲೇ ತಿಳಿಸಿದ್ದನು. ಇಬ್ಬರೂ ಹಿಂದಿನಂತೆ ಸಲಿಗೆಯಿಂದಿಲ್ಲ. ಮೇಷ್ಟರು ಅವನ ಅಂಗಡಿಯ ಮುಂದೆ ಹಾದುಹೋಗುವಾಗ ಅವನು ಕುಳಿತಲ್ಲಿಂದಲೇ ಕೈಯೆತ್ತುತ್ತಾನೆ, ಇವರೂ ಕೈಯೆತ್ತುತ್ತಾರೆ. ಜೂನು ಜುಲೈ ತಿಂಗಳುಗಳಲ್ಲಿ ಇವರು ಆ ಬೀದಿಯನ್ನೇ ಬಿಟ್ಟು ಸುತ್ತುಬಳಸಿನ ದಾರಿಯಲ್ಲಿ ಶಾಲೆಗೆ ಹೋಗುತ್ತಿದ್ದರು.